ಅಕ್ಕನ ಮೊಣಕಾಲು, ನನ್ನ ಪಾಯಿಂಟು

ವಿಮಾನ ಕಂಪನಿಯೊಂದು ನನ್ನನ್ನು 'ಪ್ರಿಯ ಸದಸ್ಯರೇ' ಎಂದು ಕರೆಯಲು ಶುರುಮಾಡಿ ಮೂರು ವರ್ಷವಾಯಿತು. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕರೆದದ್ದಿಲ್ಲ. 'ರೀ, ಗ್ಯಾಸ್ ಬಂದ್ ಮಾಡಿದ್ರೇನು?' ಎಂಬುದೇ ನನಗೆ ಸಿಕ್ಕ ಅತ್ಯಂತ ಆಪ್ತ ಸಂಬೋಧನೆ. ಹೀಗಾಗಿ ಆ ಕಂಪನಿಯ ಸಂದೇಶ ಬಂದಾಗಲೆಲ್ಲ ನಾನು ಕನ್ನಡಕ ಹಾಕಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡು ಸಲ ಓದುತ್ತೇನೆ.

ಆ ದಿನ ಬಂದ ಸಂದೇಶ ಸ್ವಲ್ಪ ಬೆದರಿಕೆಯ ಧಾಟಿಯಲ್ಲಿತ್ತು. ನನ್ನ ಹೆಸರಿನಲ್ಲಿರುವ ಪಾಯಿಂಟುಗಳೆಲ್ಲ ಈ ತಿಂಗಳ ಕೊನೆಗೆ ಅಳಿದುಹೋಗುತ್ತವಂತೆ. ಒಂದು ಪುಕ್ಕಟೆ ಪ್ರಯಾಣಕ್ಕೆ ಇನ್ನು ಸಾವಿರದ ಇನ್ನೂರು ಪಾಯಿಂಟು ಮಾತ್ರ ಕಡಿಮೆ ಇವೆಯಂತೆ. ಅವನ್ನು ಕೊಂಡುಕೊಂಡರೆ ಹಳೆಯ ಪಾಯಿಂಟುಗಳ ಆಯುಷ್ಯವೂ ಒಂದು ವರ್ಷ ಹೆಚ್ಚುತ್ತದಂತೆ.

ಈ ಪಾಯಿಂಟು ಎಂದರೇನೆಂದು ಗೊತ್ತಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ. ಒಮ್ಮೆ ವಿಮಾನ ಹತ್ತಿದರೆ ಕಂಪನಿಯವರು ನಿಮ್ಮ ಲೆಕ್ಕಕ್ಕೆ ಇಷ್ಟು ಅಂಕ ಬರೆದುಕೊಳ್ಳುತ್ತಾರೆ. ಅವರ ಕಾರ್ಡು ಉಜ್ಜಿ ಪೆಟ್ರೋಲು ಹಾಕಿಸಿದರೆ ಇನ್ನಿಷ್ಟು. ಸಾಕಷ್ಟು ಕೂಡಿದ ಮೇಲೆ ಟಿಕೀಟು ಪುಕ್ಕಟೆ. ನಾನು ಜನ್ಮದಲ್ಲಿ ವಿಮಾನ ಹತ್ತಿದ್ದು ನಾಲ್ಕೇ ಸಲ. ಉಳಿದ ಪಾಯಿಂಟುಗಳನ್ನೆಲ್ಲ ನೆಲದ ಮೇಲೆ ನಿಂತೇ ಗಳಿಸಿದೆ. ಒಂದು ಮಿಕ್ಸರು, ಮಗಳ ಸ್ಕೂಟರಿನ ಎರಡು ಟೈರು, ಆಮೇಲೆ ಎಣ್ಣೆಯಿಲ್ಲದೆ ಹುರಿಯುವ ಒಂದು ಯಂತ್ರ. ಆ ಯಂತ್ರದೊಳಗೆ ನನ್ನ ಹೆಂಡತಿ ವಿಜಯಾ ಈಗ ಬೆಳ್ಳುಳ್ಳಿ ಇಡುತ್ತಾಳೆ.

ನಾಲ್ಕೇ ಸಲ ಎಂದೆನಲ್ಲ, ಅದನ್ನು ಹೇಳುವಾಗ ನನಗೆ ಕೊಂಚ ನಾಚಿಕೆಯಾಗುತ್ತದೆ. ಏಕೆಂದರೆ ನಾನು ಮೂವತ್ತನಾಲ್ಕು ವರ್ಷ ಅನ್ನ ತಿಂದದ್ದು ವಿಮಾನಗಳಿಂದ. ಗದಗಿನಿಂದ ಡಿಪ್ಲೊಮಾ ಹಿಡಿದುಕೊಂಡು ಬಂದು, ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆ ಸೇರಿ, ತಪಾಸಣೆಯವನಾಗಿ ನಿವೃತ್ತನಾದೆ. ವಿಮಾನದ ಹೊಟ್ಟೆಯೊಳಗೆ ಭುಜದವರೆಗೂ ಕೈ ಹಾಕಿದ್ದೇನೆ. ಆದರೆ ನಾನು ಮುಟ್ಟಿದ ಒಂದೇ ಒಂದು ವಿಮಾನವೂ ನನ್ನನ್ನು ಹೊತ್ತುಕೊಂಡು ಮೇಲೆ ಹೋಗಲಿಲ್ಲ. ಊರಿಗೆ ಹೋದಾಗ 'ದಿನಾ ಮ್ಯಾಲೆ ಹೋಗ್ತೀರೇನು?' ಎಂದು ಕೇಳುತ್ತಿದ್ದರು. 'ಹೋಗ್ತಿರ್ತೀವಿ' ಎನ್ನುತ್ತಿದ್ದೆ. ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಆರು ಮೆಟ್ಟಿಲಿನ ಒಂದು ಕಬ್ಬಿಣದ ಏಣಿ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿದರೆ ಸುಳ್ಳೇನಲ್ಲ.

ಸಂದೇಶ ಬಂದ ಎರಡನೆಯ ದಿನ ಅಕ್ಕನ ಫೋನು ಬಂತು. ಅಕ್ಕ ಎಂದರೆ ಸುಲೋಚನಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಭಾವ ಬ್ಯಾಂಕಿನಲ್ಲಿದ್ದರು. ವರ್ಗವಾಗಿ ಗಂಗಾಪುರ, ಖುಲ್ತಾಬಾದ್ ಎಂದು ತಿರುಗಿ, ಕೊನೆಗೆ ಛತ್ರಪತಿ ಸಂಭಾಜಿನಗರದಲ್ಲಿ ಒಂದು ಫ್ಲಾಟು ಹಿಡಿದು ಕೂತರು.

"ಗುರುವಾರ ಮೊಣಕಾಲ ಆಪರೇಷನ್ ಇಟ್ಟಾರೋ" ಎಂದಳು ಅಕ್ಕ. "ಬುಧವಾರ ಸಂಜೀಕ ದವಾಖಾನಿಗೆ ಸೇರಬೇಕಂತ. ನೀ ಬಾ."

"ಭಾವ ಇದ್ದಾರಲ್ಲ?"

"ಅವರಿಗೆ ಸೂಜಿ ಕಂಡ್ರ ಚಕ್ಕರ್ ಬರ್ತದ. ಮೊನ್ನಿ ನನ್ನ ರಕ್ತ ತಗೋಳಿಕ್ಕೆ ಹೋದ್ರ, ನನ್ನ ಬಿಟ್ಟು ಅವರನ್ನ ಮಲಗಿಸಿ ನೀರು ಹೊಡದ್ರು. ನೀ ಬಾ. ಬಾಗಲ ಹೊರಗ ಯಾರರ ಒಬ್ರು ನಮ್ಮವರು ಇರಬೇಕು."

"ಬರ್ತೀನಿ ಅಕ್ಕಾ" ಎಂದೆ. ಇದು ಸತ್ಯ. ಆದರೆ ಹಾಗೆನ್ನುವಾಗ ನನ್ನ ತಲೆಯಲ್ಲಿ ಸಾವಿರದ ಇನ್ನೂರು ಎಂಬ ಸಂಖ್ಯೆ ಮಿನುಗಿದ್ದೂ ಸತ್ಯ. ಯಾವುದು ಮೊದಲು ಆಯಿತೆಂದು ನನ್ನನ್ನು ಕೇಳಬೇಡಿ.

ನಾಸಿಕ್‌ನಿಂದ ಸಂಭಾಜಿನಗರಕ್ಕೆ ಎಸ್.ಟಿ., ಅಂದರೆ ಸರ್ಕಾರಿ ಬಸ್ಸಿದೆ. ಯೇವಲಾ, ವೈಜಾಪುರ ದಾಟಿ ಐದು ತಾಸಿನ ದಾರಿ. ನೇರ ವಿಮಾನವಿಲ್ಲ, ಇರಬೇಕಾದ ಕಾರಣವೂ ಇಲ್ಲ. ಆದರೆ ನಾಸಿಕ್‌ನಿಂದ ಹೈದರಾಬಾದಿಗೆ ಒಂದು ವಿಮಾನವಿದೆ, ಹೈದರಾಬಾದಿನಿಂದ ಸಂಭಾಜಿನಗರಕ್ಕೆ ಇನ್ನೊಂದಿದೆ. ಎರಡನ್ನೂ ಜೋಡಿಸಿದರೆ ನನ್ನ ಪಾಯಿಂಟುಗಳು ಸಾರ್ಥಕವಾಗುತ್ತವೆ. ಈ ಶೋಧವನ್ನು ಊಟದ ಹೊತ್ತಿನಲ್ಲಿ ಮನೆಯವರ ಮುಂದಿಟ್ಟೆ.

ವಿಜಯಾ ಚಪಾತಿ ಬಡಿಸುವುದನ್ನು ನಿಲ್ಲಿಸಿದಳು. "ಬಸ್ಸಿನ್ಯಾಗ ಐದು ತಾಸು. ನಿಮ್ಮ ವಿಮಾನದಾಗ ಎಷ್ಟರೀ?"

"ಹಾರೋದು ಎರಡೂವರಿ ತಾಸು ಅಷ್ಟ."

"ಮತ್ತ ಕೂಡೋದು?"

"ಕೂಡೋದು ಒಂದ್ ನಾಲ್ಕು... ಐದು."

ಮಗಳು ಮುಗ್ಧಾ ಸಾತಪುರದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ನಮ್ಮ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಅರ್ಧ ಮರಾಠಿ. ಸೋದರತ್ತೆ ಅವಳಿಗೆ ಆತ್ಯಾ. "ಪಪ್ಪಾ, ಹೈದರಾಬಾದ್ ಕಶಾಲಾ, ಯಾಕ? ಆತ್ಯಾ ಇಲ್ಲೇ ಬಾಜೂಲಾ ಇದ್ದಾಳ ನಾ! ನಕಾಶಾ ನೋಡ್ರಿ ತರಿ, ನೀವು ಉಲ್ಟಾ ಹೋಗ್ತೀರಿ, ಆಮ್ಯಾಲೆ ಪರತ ಬರ್ತೀರಿ."

"ಪುಕ್ಕಟ ಅದವಾ" ಎಂದೆ.

"ಪುಕ್ಕಟ ಅಂತೀರಿ, ಮತ್ತ ಪಾಯಿಂಟ್ ರೊಕ್ಕಾ ಕೊಟ್ಟು ವಿಕತ ತಗೋತೀರಿ?" ಎಂದಳು ಹುಡುಗಿ. ಈ ಪ್ರಶ್ನೆಗೆ ನನ್ನ ಉತ್ತರವೆಂದರೆ ಒಂದು ಹಿತ್ತಾಳೆಯ ಬಿಲ್ಲೆ.

ಅದರ ಕಥೆ ಹೇಳದೆ ಮುಂದೆ ಹೋಗಲಾಗದು. ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೂ ಅವನ ನಂಬರು ಕೆತ್ತಿದ ಐದು ಹಿತ್ತಾಳೆ ಬಿಲ್ಲೆಗಳು. ನನ್ನದು ೨೧೭. ಉಪಕರಣಗಳ ಕೋಣೆಯ ಕಿಂಡಿಯಲ್ಲಿ ಶಿಂದೆ ಎಂಬ ದಪ್ಪ ಮೀಸೆಯ ಮನುಷ್ಯ ಕೂತಿರುತ್ತಿದ್ದರು. ಒಂದು ಬಿಲ್ಲೆ ಕೊಟ್ಟರೆ ಒಂದು ಸ್ಪ್ಯಾನರು, ಅಂದರೆ ಪಾನಾ. ಸ್ಪ್ಯಾನರು ತೂಗುತ್ತಿದ್ದ ಮೊಳೆಗೆ ಆ ಬಿಲ್ಲೆ ತೂಗುಹಾಕುತ್ತಾರೆ. ಸ್ಪ್ಯಾನರು ಮರಳಿ ಬಂದರಷ್ಟೇ ಬಿಲ್ಲೆ ಮರಳಿ ನಮ್ಮ ಕೈಗೆ. ಪಾಳಿ ಮುಗಿಯುವಾಗ ಒಂದೇ ಒಂದು ಬಿಲ್ಲೆ ಮೊಳೆಯಲ್ಲಿ ಉಳಿದರೂ ಯಾರೂ ಮನೆಗೆ ಹೋಗುವಂತಿಲ್ಲ, ವಿಮಾನ ಜಾಗ ಬಿಟ್ಟು ಕದಲುವಂತಿಲ್ಲ. ಎಲ್ಲೋ ರೆಕ್ಕೆಯೊಳಗೆ ಮರೆತ ಒಂದು ಸ್ಪ್ಯಾನರು ಆಕಾಶದಲ್ಲಿ ಏನು ಮಾಡೀತೆಂದು ಎಲ್ಲರಿಗೂ ಗೊತ್ತಿತ್ತು.

ಒಮ್ಮೆ ಹಾಗೆ ನನ್ನ ಬಿಲ್ಲೆ ಉಳಿಯಿತು. ಕಳೆದದ್ದು ಒಂದು ಕನ್ನಡಿ. ಹಲ್ಲಿನ ಡಾಕ್ಟರ ಬಳಿ ಇರುವಂಥದು, ಸಂದಿಗೊಂದಿಗಳಲ್ಲಿ ಇಣುಕಲು ಉದ್ದ ಹಿಡಿಕೆಯದು. ನಲವತ್ತು ಜನ ಮೂರು ತಾಸು ವಿಮಾನದ ಮುಚ್ಚಳಗಳನ್ನೆಲ್ಲ ಬಿಚ್ಚಿ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ನನ್ನ ಏಪ್ರನ್ನಿನ ಕಿಸೆಯಲ್ಲೇ. ಎಲ್ಲರ ಮುಂದೆ ಕೈ ಎತ್ತಿ 'ತಪ್ಪು ನನ್ನದು' ಎಂದು ಒಪ್ಪಿಕೊಂಡೆನೆಂದು ನಾನು ಈ ಕಥೆಯನ್ನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹೋದ ವರ್ಷ ಒಂದು ಮದುವೆಯಲ್ಲಿ ಶಿಂದೆ ಸಿಕ್ಕರು. ಅವರು ಹೇಳುವ ಕಥೆಯಲ್ಲಿ ನಾನು ಕೈ ಎತ್ತುವುದೇ ಇಲ್ಲ. ಅವರೇ ಬಚ್ಚಲಿಗೆ ಬಂದು ನೋಡಿದಾಗ ನಾನು ಅದೇ ಕನ್ನಡಿ ಹಿಡಿದುಕೊಂಡು ತಲೆ ಬಾಚಿಕೊಳ್ಳುತ್ತಿದ್ದೆನಂತೆ. 'ಖೋಟಂ!' ಎಂದು ನಾನು ಮದುವೆಮನೆಯಲ್ಲಿ ಕೂಗಿದೆ. ಶಿಂದೆ ನಕ್ಕು ಜಿಲೇಬಿ ತಿಂದರು.

ನಿವೃತ್ತಿಯ ದಿನ ನಾನು ಮರಳಿಸಿದ್ದು ನಾಲ್ಕು ಬಿಲ್ಲೆ. ಐದನೆಯದು ನನ್ನ ಮೇಜಿನ ಖಾನೆಯಲ್ಲಿದೆ. ಶಿಂದೆ ಪ್ರೀತಿಯಿಂದ ಬಿಟ್ಟುಕೊಟ್ಟರೋ, ನಾನು ಕದ್ದೆನೋ, ಈಗ ಖಚಿತವಿಲ್ಲ. ದಿನಕ್ಕೊಂದು ಥರ ತೋರುತ್ತದೆ. ಪ್ರಾಮಾಣಿಕ ಮನಸ್ಸಿನ ದಿನಗಳಲ್ಲಿ ಕದ್ದೆ ಎಂದೇ ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಬಿಲ್ಲೆ ನಮ್ಮ ಕೈಯಲ್ಲಿದ್ದರೆ ಉಪಕರಣ ಮೊಳೆಯಲ್ಲಿ ಇರಲೇಬೇಕು. ಇದು ಕಾರ್ಖಾನೆಯ ನಿಯಮ. ಇದರಲ್ಲೇ ಮೂವತ್ತನಾಲ್ಕು ವರ್ಷ ಪಳಗಿದ ಮನುಷ್ಯ ಪಾಯಿಂಟು ಕೊಳ್ಳುವಾಗ ಏನೆಂದುಕೊಳ್ಳುತ್ತಾನೆ? ಪಾಯಿಂಟು ಕೈಗೆ ಬಂತೆಂದರೆ ಸೀಟು ಎಲ್ಲೋ ಒಂದು ಮೊಳೆಯಲ್ಲಿ ನನಗಾಗಿ ತೂಗುತ್ತಿದೆ ಎಂದು. ಬೇರೆ ಯಾರೇ ಆಗಿದ್ದರೂ ಮೊದಲು ಸೀಟು ಇದೆಯೋ ಇಲ್ಲವೋ ನೋಡಿ ಆಮೇಲೆ ಪಾಯಿಂಟು ಕೊಳ್ಳುತ್ತಿದ್ದರು. ನಾನು ಸೋಮವಾರ ಮಧ್ಯಾಹ್ನ, ವಿಜಯಾ ಮಲಗಿದ್ದಾಗ, ಸಾವಿರದ ಇನ್ನೂರು ಪಾಯಿಂಟು ಕೊಂಡುಬಿಟ್ಟೆ. 'ಅಭಿನಂದನೆಗಳು, ಪ್ರಿಯ ಸದಸ್ಯರೇ' ಎಂದು ಬಂತು. ಆಮೇಲೆ ಬುಧವಾರದ ಸೀಟು ಹುಡುಕಿದೆ.

ಬುಧವಾರ ಇಲ್ಲ. ಅಂದರೆ ವಿಮಾನವಿದೆ, ಸೀಟೂ ಇದೆ, ಆದರೆ ಪಾಯಿಂಟಿನವರಿಗೆ ಇಲ್ಲ. ಪಾಯಿಂಟಿನವರಿಗೆ ಬೇರೆಯದೇ ಎಣಿಕೆಯ ಸೀಟುಗಳಂತೆ, ಅವು ಮುಗಿದಿದ್ದವು. ಮಂಗಳವಾರವೂ ಇಲ್ಲ. ಗುರುವಾರ ಸಂಜೆ ಏಳಕ್ಕೆ ಇಳಿಯುವ ಒಂದು ಸೀಟು ಮಾತ್ರ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಅಷ್ಟು ಹೊತ್ತಿಗೆ ಅಕ್ಕನ ಆಪರೇಷನ್ ಮುಗಿದು, ಬಾಗಿಲ ಹೊರಗೆ ಯಾರೂ ಇಲ್ಲದೆ, ಭಾವನಿಗೆ ಯಾರೋ ನೀರು ಹೊಡೆಯುತ್ತಿರುತ್ತಾರೆ.

ಇಲ್ಲಿಯವರೆಗೆ ನಾನು ಬರಿಯ ಮೂರ್ಖ. ಮುಂದೆ ಮಾಡಿದ್ದಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ. ನಾನು ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ಆಪರೇಷನ್ ಗುರುವಾರನ ಆಗಬೇಕೇನು?"

"ಯಾಕೋ?"

"ಶುಕ್ರವಾರ ಆದ್ರ ಏನರ ಅಡಚಣಿ ಅದ ಏನಂತ ಕೇಳಿದೆ, ಅಷ್ಟ."

"ಡಾಕ್ಟರ್ ನಿನಗ ಫೋನ್ ಮಾಡಿದ್ರೇನು? ಏನರ ಮುಚ್ಚಿಡ್ಲಿಕ್ಕೆ ಹತ್ತೀಯೇನು?" ಅಕ್ಕನ ದನಿ ಸಣ್ಣಗಾಯಿತು.

"ಇಲ್ಲಿಲ್ಲ. ಗುರುವಾರ ಅಂದ್ರ... ನನಗ ಸೀಟ್ ಸಿಗವಲ್ತು."

"ಎಲ್ಲಿ ಸೀಟು?"

"ವಿಮಾನದಾಗ."

ಅಕ್ಕನ ಹಿಂದೆ ಭಾವ 'ಕೋಣ ಆಹೇ?' ಎಂದು, ಫೋನಿನಲ್ಲಿ ಯಾರೆಂದು ಕೇಳುವುದು ಕೇಳಿಸಿತು. ಬ್ಯಾಂಕಿನ ಮರಾಠಿ ಅವರನ್ನು ಮನೆಯಲ್ಲೂ ಬಿಟ್ಟಿಲ್ಲ.

"ನೀ ನಾಸಿಕದಾಗ ಇದ್ದೀಯೋ, ದುಬೈಕ್ಕ ಹೋಗೀಯೋ?" ಎಂದಳು ಅಕ್ಕ.

ನಾನು ಎಲ್ಲವನ್ನೂ ವಿವರಿಸಿದೆ. ಪಾಯಿಂಟು, ಹೈದರಾಬಾದು, ತಿಂಗಳ ಕೊನೆ. ವಿವರಿಸುತ್ತ ಹೋದಂತೆ ನನ್ನ ದನಿ ನನಗೇ ಆರು ವರ್ಷದ ಹುಡುಗನದಂತೆ ಕೇಳತೊಡಗಿತು. ಅಕ್ಕನಿಗೂ ಹಾಗೇ ಕೇಳಿಸಿರಬೇಕು.

"ಸೀಮಿಎಣ್ಣಿ ಪಾಳಿ ನೆನಪದ ಏನು?" ಎಂದಳು.

ನೆನಪಿಲ್ಲದೆ ಏನು! ಗದಗಿನ ಸೀಮೆಎಣ್ಣೆ ಅಂಗಡಿಯ ಮುಂದೆ ಮುಂಜಾನೆಯೇ ಪಾಳಿ ಹಚ್ಚುತ್ತಿದ್ದರು. ಜನ ನಿಲ್ಲುತ್ತಿರಲಿಲ್ಲ, ವಸ್ತುಗಳು ನಿಲ್ಲುತ್ತಿದ್ದವು. ಡಬ್ಬಿ, ಇಟ್ಟಿಗೆ, ಹರಿದ ಬುಟ್ಟಿ, ಯಾರದೋ ಕೊಡೆ. ವಸ್ತು ಇದ್ದರೆ ಮನುಷ್ಯ ಇದ್ದಂತೆ. ಅಕ್ಕ ತನ್ನ ಚಪ್ಪಲಿ ಪಾಳಿಯಲ್ಲಿಟ್ಟು, ನನ್ನನ್ನು ಕಾವಲಿಗೆ ನಿಲ್ಲಿಸಿ, ಡಬ್ಬಿ ತರಲು ಮನೆಗೆ ಹೋದಳು. ಒಬ್ಬ ದೊಡ್ಡ ಹುಡುಗ ಬಂದು ಚಪ್ಪಲಿಯನ್ನು ಒದ್ದ. ನಾನು ಅವನ ಮೇಲೆ ಬಿದ್ದೆ. ಇಬ್ಬರೂ ಮಣ್ಣಲ್ಲಿ ಹೊರಳಾಡಿದೆವು. ಆ ಗಾಯದ ಕಲೆ ನನ್ನ ಮೀನಖಂಡದ ಮೇಲೆ ಇಂದಿಗೂ ಇದೆ. ಅದನ್ನು ನಾನು ವಿಜಯಾಳಿಗೆ ಮದುವೆಯಾದ ಹೊಸದರಲ್ಲಿ ತೋರಿಸಿದ್ದೇನೆ.

"ನೆನಪದ. ಆ ಹುಡುಗನ ಜೋಡಿ ಹೊಡದಾಡಿದ್ದೆ" ಎಂದೆ.

"ಯಾವ ಹುಡುಗನೋ?"

"ದೊಡ್ಡ ಹುಡುಗ. ಚಪ್ಲಿ ಒದ್ದನಲ್ಲ."

"ಯಾರೂ ಒದ್ದಿಲ್ಲ, ಯಾರೂ ಹೊಡದಾಡಿಲ್ಲ. ನೀ ಎದುರಿನ ಸೈಕಲ್ ಅಂಗಡ್ಯಾಗ ಪಂಕ್ಚರ್ ತಗೀಯೋದು ನೋಡ್ಲಿಕ್ಕೆ ಹೋಗಿದ್ದಿ. ಪಾಳಿ ಮುಂದ ಸರೀತು, ನನ್ನ ಚಪ್ಲಿ ನಟ್ಟನಡುವ ಹಂಗ ಕೂತಿದ್ವು. ಯಾರೋ ಎತ್ತಿ ಒಗದ್ರು. ಎಣ್ಣಿನೂ ಇಲ್ಲ, ಚಪ್ಲಿನೂ ಇಲ್ಲ. ಬರಿಗಾಲಿಲೆ ಮನಿಗೆ ಬಂದೆ. ಅವ್ವಗ 'ನಾನ ಮೈಮರತೆ' ಅಂತ ಹೇಳಿ ಬೈಸಿಕೊಂಡೆ."

"ಮತ್ತ ಈ ಕಲೆ?"

"ಅದು ಸೈಕಲ್ಲಿನ ಪೆಡಲ್ಲು ಬಡದದ್ದು."

ಆರು ವರ್ಷದ ನನಗೆ ಕಾವಲಿನ ಕೆಲಸ ಸಾಕಾಗಿತ್ತೆಂಬುದು ನಂಬುವಂಥದೇ. ದೊಡ್ಡ ಹುಡುಗನ ಮುಖ ನೆನಪಿಸಿಕೊಳ್ಳಲು ನೋಡಿದೆ. ಅವನಿಗೆ ಮುಖವೇ ಇರಲಿಲ್ಲ. ಪಂಕ್ಚರಿನವನ ಮುಖ ಮಾತ್ರ ಸ್ವಚ್ಛವಾಗಿತ್ತು. ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿದಾಗ ಗುಳ್ಳೆ ಏಳುತ್ತಿದ್ದ ಜಾಗವೂ ಕಂಡಿತು. ಅರವತ್ತು ವರ್ಷ ನಾನು ಒಬ್ಬ ಹುಡುಗನನ್ನು ಸುಮ್ಮಸುಮ್ಮನೆ ಹೊಡೆಯುತ್ತ ಬಂದಿದ್ದೆ.

"ನಿನ್ನ ಕೈಲೆ ಆಪರೇಷನ್ ಏನ ಮಾಡಸ್ಬೇಕಾಗಿಲ್ಲ ನಾ" ಎಂದಳು ಅಕ್ಕ. "ಬಾಗಲ ಹೊರಗ ಕೂಡು. ಎಲ್ಲೂ ಎದ್ದು ಹೋಗಬ್ಯಾಡ. ಅಷ್ಟಾದ್ರ ಸಾಕು." ಫೋನು ಇಟ್ಟಳು.

ಬುಧವಾರ ಮುಂಜಾನೆ ಎಸ್.ಟಿ. ಹತ್ತಿದೆ. ಅರವತ್ತೈದು ದಾಟಿದವರಿಗೆ ಅರ್ಧ ಟಿಕೀಟು. "ಬಾಬಾ, ಆಧಾರ್ ದಾಖವಾ" ಎಂದ ಕಂಡಕ್ಟರ್. ಆಧಾರ್ ಕಾರ್ಡು ತೆಗೆಯುವಾಗ ಕಿಸೆಯಿಂದ ಹಿತ್ತಾಳೆ ಬಿಲ್ಲೆಯೂ ಬಿತ್ತು. ಯಾಕೆ ತಂದಿದ್ದೆನೋ! ಕಂಡಕ್ಟರ್ ಅದನ್ನು ಎತ್ತಿ, ಎರಡೂ ಕಡೆ ನೋಡಿ, "ಹೇ ಚಾಲಣಾರ ನಾಹೀ" ಎಂದು ಗಂಭೀರವಾಗಿ ಹೇಳಿ ಮರಳಿ ಕೊಟ್ಟ. ಇದು ಇಲ್ಲಿ ನಡೆಯುವುದಿಲ್ಲ. ವೈಜಾಪುರದಲ್ಲಿ ವಡಾಪಾವ್ ತಿಂದೆ. ಮೇಲೆ ಒಂದು ವಿಮಾನ ಹೋಯಿತು. ನೋಡಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ನೋಡಿದೆ.

ಗುರುವಾರ ಮುಂಜಾನೆ ಎಂಟಕ್ಕೆ ಅಕ್ಕನನ್ನು ಗಾಲಿಯ ಮಂಚದ ಮೇಲೆ ಮಲಗಿಸಿದರು. ಹಸಿರು ನಿಲುವಂಗಿಯಲ್ಲಿ ಅವಳು ನನಗಿಂತ ಚಿಕ್ಕವಳಂತೆ ಕಂಡಳು. "ಆಜೀ, ಚಶ್ಮಾ, ಬಾಂಗಡ್ಯಾ, ಸಗಳಂ ಕಾಢಾ" ಎಂದಳು ನರ್ಸು. ಬಳೆಗಳನ್ನು ಸಾಬೂನು ಹಚ್ಚಿ ತೆಗೆದು ಭಾವನಿಗೆ ಕೊಟ್ಟದ್ದಾಯಿತು. ಅಷ್ಟರಲ್ಲೇ ಅವರ ಮುಖ ಬೆಳ್ಳಗಾಗಿದ್ದರಿಂದ ಕೆಳಗೆ ಕ್ಯಾಂಟೀನಿಗೆ ಕಳಿಸಿದೆವು. ಕನ್ನಡಕ ಮಾತ್ರ ಅಕ್ಕ ಬಿಡಲಿಲ್ಲ.

"ನಮ್ಮ ಊರಾಗಿನ ಹುಣಸೀಕಟ್ಟಿ ಮಾಸ್ತರ ಹೆಂಡತಿಗೆ ಅರವಳಿಕೆ ಕೊಟ್ಟಾಗ ಎಚ್ಚರ ಆಗ್ಲೇ ಇಲ್ಲ, ನೆನಪದ?" ಎಂದಳು ನನ್ನ ಕಡೆ ನೋಡದೆ.

ಆಕೆಗೆ ಆದದ್ದು ಬೇರೆ ಏನೋ ಎಂದು ನನಗೆ ನೆನಪು. ಆದರೆ ನೆನಪಿನ ವಿಷಯದಲ್ಲಿ ಅಕ್ಕನೊಡನೆ ವಾದಿಸುವ ಹಕ್ಕನ್ನು ನಾನು ಸೋಮವಾರವಷ್ಟೇ ಕಳೆದುಕೊಂಡಿದ್ದೆ. ಕಿಸೆಯಿಂದ ಬಿಲ್ಲೆ ತೆಗೆದು ತೋರಿಸಿದೆ. ಶಿಂದೆಯ ಕಿಂಡಿ, ಮೊಳೆ, ಎಲ್ಲ ಎರಡೇ ಮಾತಿನಲ್ಲಿ ಹೇಳಿದೆ. "ಚಶ್ಮಾ ನನ್ನ ಕೈಯಾಗ ಕೊಡು, ಅದ ನಿನ್ನ ಬಿಲ್ಲಿ. ನೀ ಮರಳಿ ಬರೋತನಕ ನಾ ಈ ಜಾಗಾ ಬಿಟ್ಟು ಏಳೂದಿಲ್ಲ. ಯಾರೂ ಮನಿಗೆ ಹೋಗೋ ಹಂಗಿಲ್ಲ, ಡಾಕ್ಟರೂ ಹೋಗೋ ಹಂಗಿಲ್ಲ."

"ನಾ ಏನು ನಿನ್ನ ಕಾರ್ಖಾನಿ ಪಾನಾ ಏನೋ, ಹುಚ್ಚಪ್ಪಾ?" ಎಂದಳು. ಆದರೆ ಕನ್ನಡಕ ತೆಗೆದು ಕೊಟ್ಟಳು.

ಬಾಗಿಲ ಹೊರಗೆ ಒಂದು ಕಬ್ಬಿಣದ ಕುರ್ಚಿ. ಕೂತೆ. ಮೊದಲ ತಾಸು ಸುಲಭವಾಗಿತ್ತು. ಎರಡನೆಯ ತಾಸಿಗೆ ಭಾವ ಮೆಟ್ಟಿಲ ತಿರುವಿನಿಂದಲೇ ಇಣುಕಿ, "ಬರ್ರಿ, ಛಾ ಕುಡದು ಬರೋಣು, ಐದ ಮಿನಿಟು" ಎಂದರು. ಒಲ್ಲೆನೆಂದೆ. ಎದುರಿನ ಗೋಡೆಯ ಟೀವಿಯಲ್ಲಿ ಕ್ರಿಕೆಟ್ಟು ನಡೆದಿತ್ತು, ಆದರೆ ನನ್ನ ಕುರ್ಚಿಯಿಂದ ಅರ್ಧ ಪರದೆ ಮಾತ್ರ ಕಾಣುತ್ತಿತ್ತು. ಎರಡು ಹೆಜ್ಜೆ ಸರಿದರೆ ಪೂರ್ತಿ ಕಾಣುತ್ತಿತ್ತು. ಸರಿಯಲಿಲ್ಲ. ಆ ಅರ್ಧದಲ್ಲಿ ಓಡಿ ಬಂದ ಬೌಲರುಗಳನ್ನಷ್ಟೇ ನೋಡಿದೆ. ಮೂರನೆಯ ತಾಸಿಗೆ ಮುಂಜಾನೆಯ ಎರಡು ಕಪ್ ಚಹಾ ತನ್ನ ಹಕ್ಕು ಕೇಳತೊಡಗಿತು. ಅರವತ್ತಾರರ ವಯಸ್ಸಿನಲ್ಲಿ ಇದು ಹಗುರ ವಿಷಯವಲ್ಲ. ಶೌಚಾಲಯದ ಬಾಗಿಲು ಹದಿನೈದು ಹೆಜ್ಜೆ ದೂರದಲ್ಲಿತ್ತು. ನಾನು ಕಾಲ ಮೇಲೆ ಕಾಲು ಹಾಕಿ, ಅಕ್ಕನ ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಅದರ ಒಂದು ಕಡ್ಡಿಗೆ ದಾರ ಸುತ್ತಿತ್ತು.

ಕೊನೆಗೆ ಡಾಕ್ಟರು ಹೊರಗೆ ಬಂದು, ಎಲ್ಲ ಚೆನ್ನಾಗಿ ಆಯಿತೆಂದೂ ಇನ್ನೊಂದು ಮೊಣಕಾಲಿನದು ಆರು ತಿಂಗಳ ಮೇಲೆ ಮಾಡೋಣವೆಂದೂ ಹೇಳಿದರು. ನನ್ನ ಕಣ್ಣು ತುಂಬಿ ಬಂತು. ಅದೇ ಗಳಿಗೆಯಲ್ಲಿ, ಪಾಯಿಂಟುಗಳ ಆಯುಷ್ಯ ಇನ್ನೂ ಒಂದು ವರ್ಷ ಇದೆಯಲ್ಲ, ಈಗಿನಿಂದಲೇ ಸೀಟು ನೋಡಿದರೆ ಸಿಗಬಹುದಲ್ಲ ಎಂದು ಕೂಡ ಹೊಳೆಯಿತು. ಪಾಯಿಂಟು ಕೊಳ್ಳಬಹುದೇ ಎಂದು ಯಾರಾದರೂ ನನ್ನನ್ನು ಕೇಳಿದರೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಆದರೆ ನನ್ನ ಮಾತು ಕೇಳುವವರ ಪೈಕಿ ನಾನೇ ಇಲ್ಲ.

ಒಂದು ತಾಸಿನ ಮೇಲೆ ಅಕ್ಕನನ್ನು ಹೊರಗೆ ತಂದರು. ಕಣ್ಣು ಅರ್ಧ ತೆರೆದಿತ್ತು. ಮಂಚದ ಜೊತೆಗೇ ನಡೆಯುತ್ತ ಕನ್ನಡಕ ಅವಳ ಮೂಗಿನ ಮೇಲಿಟ್ಟೆ, ಸೊಟ್ಟಗೆ ಕೂತಿತು, ಸರಿಮಾಡಿದೆ. ಬಹಳ ಹೊತ್ತು ನನ್ನನ್ನೇ ನೋಡಿದಳು. ನಾಲಿಗೆ ದಪ್ಪವಾಗಿತ್ತು.

"ಎಲ್ಲೂ ಹೋಗಿರ್ಲಿಲ್ಲಲ್ಲ?"

"ಇಲ್ಲಕ್ಕಾ."

"ಛಾಕ್ಕೂ?"

"ಇಲ್ಲ."

"ಉಚ್ಚಿಗೂ?"

"ಇಲ್ಲ."

ಅಕ್ಕ ಕಣ್ಣು ಮುಚ್ಚಿದಳು. "ಹಂಗಾರ ಹೋಗಿ ಬಾ" ಎಂದಳು.

ಹೋದೆ. ಹದಿನೈದು ಹೆಜ್ಜೆಯನ್ನು ಹೇಗೆ ದಾಟಿದೆನೋ ತಿಳಿಯದು. ಕೈ ತೊಳೆಯುವಾಗ ಎದುರಿಗೆ ಒಂದು ಕನ್ನಡಿ ಇತ್ತು. ಒಳಗೆ ಬೇರೆ ಯಾರೂ ಇರಲಿಲ್ಲ. ಕಿಸೆಯಿಂದ ಬಾಚಣಿಗೆ ತೆಗೆದು ನಿಧಾನವಾಗಿ ತಲೆ ಬಾಚಿಕೊಂಡೆ. ಅರ್ಧ ಬಾಚುವ ಹೊತ್ತಿಗೆ ಕೈ ನಿಂತಿತು. ಶಿಂದೆ ಹೇಳಿದ್ದು ನಿಜವೇ ಇರಬೇಕು.